ಮಲಗಿದವರ ಹಾಡಿಗೂ ಕಿವಿಗೊಡುವ ಸ್ವಾಮಿ



ಏಕಾದಶಿಯ ಭಜನೆ ಮುಗಿದ ತರುವಾಯ ವೃದ್ಧ ಭಕ್ತರೊಬ್ಬರು ನಮ್ಮ ಬಳಿಗೆ ಬಂದು ಸಂಕೋಚದಿಂದಲೇ ಒಂದು ಸಂಶಯವನ್ನು ಮುಂದಿಟ್ಟರು. ಅವರ ಧರ್ಮಪತ್ನಿಯವರು ಸೊಂಟದ ಮೂಳೆ ಮುರಿದು ಐದು ತಿಂಗಳಿಂದ ಹಾಸಿಗೆ ಹಿಡಿದಿರುವರು. ಮೂವತ್ತು ವರ್ಷ ತಪ್ಪದೆ ಹರಿಕಥಾಮೃತಸಾರವನ್ನು ಪಾರಾಯಣ ಮಾಡಿದ ಆ ತಾಯಿ ಈಗ ಬಾಯಿ ತೆರೆಯಲೊಲ್ಲರು. ‘ಸ್ನಾನವಿಲ್ಲ, ಮಡಿಯಿಲ್ಲ, ಎದ್ದು ಕೂಡುವ ಶಕ್ತಿಯೂ ಇಲ್ಲ, ಮಲಗಿಕೊಂಡು ಹೇಳಿದರೆ ಅಪಚಾರವಾಗದೇ?’ ಎಂಬುದು ಅವರ ಅಳಲು.

ಇದಕ್ಕೆ ಸಮಾಧಾನವು ಆ ಗ್ರಂಥದಲ್ಲಿಯೇ ಇದೆ. ಆದರೆ ಅದರ ಮರ್ಮ ತಿಳಿಯಬೇಕಾದರೆ ಗ್ರಂಥಕರ್ತರ ಬಾಳನ್ನು ಜೊತೆಯಲ್ಲಿರಿಸಿಕೊಂಡು ಓದಬೇಕು.

ಶ್ರೀಜಗನ್ನಾಥದಾಸರು 1728ರಲ್ಲಿ ರಾಯಚೂರು ಸೀಮೆಯ ಮಾನ್ವಿಯ ಬಳಿಯ ಬ್ಯಾಗವಟ್ಟಿಯಲ್ಲಿ ಅವತರಿಸಿದರು. ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯರು. ಸಂಸ್ಕೃತದಲ್ಲಿ ಮಹಾಪಂಡಿತರು. ಕನ್ನಡದಲ್ಲಿ ಹಾಡಿ ಕುಣಿಯುವ ದಾಸರೆಂದರೆ ಆಗ ಅವರಿಗೆ ತಾತ್ಸಾರ. ಶ್ರೀವಿಜಯದಾಸರು ಪ್ರಸಾದಸ್ವೀಕಾರಕ್ಕೆ ಆಹ್ವಾನಿಸಿದಾಗ, ಹೊಟ್ಟೆನೋವಿನ ನೆಪವೊಡ್ಡಿ ಬರಲೊಪ್ಪಲಿಲ್ಲವೆಂದು ಸಂಪ್ರದಾಯವು ಹೇಳುತ್ತದೆ. ಆಡಿದ ನೆಪವೇ ನಿಜವಾಯಿತು. ಉದರವ್ಯಾಧಿಯಿಂದ ಕೃಶರಾದ ಪಂಡಿತರು ಕಡೆಗೆ ಯಾರನ್ನು ತಿರಸ್ಕರಿಸಿದ್ದರೋ ಅವರ ಪಾದಕ್ಕೇ ಬಂದು ಬಿದ್ದರು. ವಿಜಯದಾಸರು ಕೋಪಗೊಳ್ಳದೆ ತಮ್ಮ ಶಿಷ್ಯರಾದ ಶ್ರೀಗೋಪಾಲದಾಸರಲ್ಲಿಗೆ ಕಳುಹಿದರು. ಆ ಮಹಾನುಭಾವರು ತಮ್ಮ ಆಯುಷ್ಯದಲ್ಲಿಯೇ ನಾಲ್ವತ್ತು ವರ್ಷಗಳನ್ನು ಧಾರೆಯೆರೆದು ಉಳಿಸಿದರು. ಬಳಿಕ ಪಂಢರಾಪುರದ ಚಂದ್ರಭಾಗೆಯಲ್ಲಿ ‘ಜಗನ್ನಾಥವಿಠಲ’ ಎಂಬ ಅಂಕಿತವು ದೊರೆಯಿತು. ಮುಂಬಯಿ, ಪುಣೆಗಳ ನಮ್ಮ ಭಕ್ತರು ವರ್ಷಕ್ಕೊಮ್ಮೆಯಾದರೂ ಮೀಯುವ ನದಿಯೇ ಅದು.

ಇನ್ನು ಭಾಮಿನೀ ಷಟ್ಪದಿಯ ಆ ಕೃತಿಯ ಕರುಣಾ ಸಂಧಿಯನ್ನು ತೆರೆಯೋಣ. ಪರಮಾದರದಿಂದ ಮಲಗಿ ಹಾಡಿದರೂ ಹರಿಯು ಕುಳಿತು ಆಲಿಸುವನೆಂದೂ, ಕುಳಿತು ಹಾಡಿದರೆ ಎದ್ದು ನಿಲ್ಲುವನೆಂದೂ, ನಿಂತು ಹಾಡಿದರೆ ನಲಿಯುವನೆಂದೂ ದಾಸರು ಅಲ್ಲಿ ವರ್ಣಿಸುತ್ತಾರೆ. ಭಕ್ತನು ಎಲ್ಲಿರುವನೋ ಅದಕ್ಕಿಂತ ಒಂದು ಮೆಟ್ಟಿಲು ಮುಂದಾಗಿಯೇ ಸ್ವಾಮಿಯು ಸ್ಪಂದಿಸುತ್ತಾನೆ.

ಈ ಮೆಟ್ಟಿಲುಗಳ ಆರಂಭವೆಲ್ಲಿ? ಹಾಸಿಗೆಯಲ್ಲಿ! ನಿಯಮವನ್ನರಿತ ಪಂಡಿತರೊಬ್ಬರು ಸ್ನಾನ, ಆಸನ, ಆಚಮನಗಳಿಂದ ಆರಂಭಿಸಬಹುದಿತ್ತು. ನಮಗೆ ತೋರುವುದಿಷ್ಟು: ವ್ಯಾಧಿಯಿಂದ ನೆಲಹಿಡಿದು, ವಿದ್ಯೆಯ ಬಲವೆಲ್ಲ ಕೈಬಿಟ್ಟ ದಿನಗಳನ್ನು ಸ್ವತಃ ಕಂಡವರಾದುದರಿಂದಲೇ ಅವರು ಮಲಗಿದವರನ್ನು ಮೊದಲು ನೆನೆದರು. ತಲೆಬಾಗಿ ಬಂದ ಒಂದು ಹೆಜ್ಜೆಗೆ ಪ್ರತಿಯಾಗಿ ನಾಲ್ವತ್ತು ವರ್ಷಗಳ ಆಯುಷ್ಯವನ್ನು ಪಡೆದವರಿಗೆ, ಭಗವಂತನ ಕರುಣೆಯ ಲೆಕ್ಕವು ನಮ್ಮ ಲೆಕ್ಕದಂತಲ್ಲವೆಂಬುದು ಅನುಭವವೇದ್ಯವಾಗಿತ್ತು. ಊಟಕ್ಕೊಲ್ಲೆನೆಂದ ಅವರೇ ಮುಂದೆ ಭೋಜನರಸವಿಭಾಗಕ್ಕೆಂದು ಒಂದು ಸಂಧಿಯನ್ನೇ ಮೀಸಲಿಟ್ಟು, ಉಣ್ಣುವ ಅನ್ನದಲ್ಲಿ ಭಗವದ್ರೂಪಗಳನ್ನು ಚಿಂತಿಸುವ ಕ್ರಮವನ್ನು ಬೋಧಿಸಿದುದೂ ಮನನೀಯವಾಗಿದೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಇದು ಸೋಮಾರಿಗಳಿಗೆ ಕೊಟ್ಟ ಪರವಾನಗಿಯಲ್ಲ. ‘ಪರಮಾದರ’ವೆಂಬುದು ಅಲ್ಲಿನ ನಿಬಂಧನೆ. ಎದ್ದು ನಿಲ್ಲಬಲ್ಲವನು ಮಲಗಿಯೇ ಇದ್ದರೆ ಅದು ಆದರವಲ್ಲ. ಏಳಲಾರದವನು ಲಜ್ಜೆಯಿಂದ ಮೌನ ತಾಳಿದರೆ ಅದು ಮಡಿಯೂ ಅಲ್ಲ. ಮಡಿಯು ದೇವರ ಬಳಿಗೆ ಕರೆದೊಯ್ಯುವ ದಾರಿಯೇ ಹೊರತು ದೂರವಿರಿಸುವ ಗೋಡೆಯಲ್ಲ. ಶಕ್ತಿಯಿರುವವರೆಗೆ ಆ ತಾಯಿ ನಿಯಮವನ್ನು ಪಾಲಿಸಿದರು. ಈಗ ಶಕ್ತಿಯನ್ನು ಹಿಂತೆಗೆದುಕೊಂಡವನೂ ಅವನೇ. ಹಾಸಿಗೆಯ ಬಳಿ ಕುಳಿತು ಕೇಳುವವನೂ ಅವನೇ.

ಆ ಹಿರಿಯರಿಗೆ ನಾವು ಇದನ್ನೇ ಅರಿಕೆ ಮಾಡಿಕೊಂಡೆವು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದೆವು: ‘ಪದ್ಯವನ್ನು ನೀವು ಆರಂಭಿಸಿರಿ, ಅವರು ಮುಗಿಸಲಿ.’ ಎರಡು ವಾರಗಳ ಬಳಿಕ ಬಂದವರು, ‘ಮೊದಲ ದಿನ ಬರಿಯ ಕಣ್ಣೀರಾಯಿತು; ಮೂರನೆಯ ದಿನ ನಾನು ಮರೆತ ಸಾಲನ್ನು ಆಕೆಯೇ ತಿದ್ದಿದಳು’ ಎಂದು ನುಡಿದು ನಮಸ್ಕರಿಸಿದರು.

ನಮ್ಮ ಮಹಾನಗರಗಳ ಇಕ್ಕಟ್ಟಾದ ಮನೆಗಳಲ್ಲಿ ಹೀಗೆ ಹಾಸಿಗೆ ಹಿಡಿದ ಹಿರಿಯರು ಅನೇಕರಿರುವರು. ಔಷಧಿ, ಅನ್ನಗಳು ಹೊತ್ತಿಗೆ ಸರಿಯಾಗಿ ಸಲ್ಲುತ್ತವೆ. ಬಳಿ ಕುಳಿತು ಹಾಡುವ ದನಿಯೊಂದು ಸಲ್ಲುವುದಿಲ್ಲ. ಗೋಪಾಲದಾಸರು ತಮ್ಮ ನಾಲ್ವತ್ತು ವರ್ಷಗಳನ್ನಿತ್ತರು. ನಾವು ದಿನಕ್ಕೆ ಹತ್ತು ನಿಮಿಷಗಳನ್ನು ಕೊಡಲಾರೆವೇ? ಭಾದ್ರಪದ ಶುದ್ಧ ನವಮಿಯಂದು ದಾಸರಾಯರ ಆರಾಧನೆ. ಅಂದು ಮಠಕ್ಕೆ ಬರುವ ಮುನ್ನ, ಮನೆಯಲ್ಲಿ ಮಲಗಿರುವವರ ಬಳಿ ಕರುಣಾ ಸಂಧಿಯನ್ನು ಒಮ್ಮೆ ಓದಿ ಬನ್ನಿರಿ. ದಾಸರಾಯರ ಅಂತರ್ಯಾಮಿಯಾದ ಶ್ರೀಹರಿಯು ಅಷ್ಟರಿಂದಲೇ ಪ್ರೀತನಾಗಲಿ.

ಶ್ರೀಕೃಷ್ಣಾರ್ಪಣಮಸ್ತು.