ನೆರೆಮನೆಗೆ ಬೆಂಕಿ ಬಿದ್ದಾಗ

1940ರ ಡಿಸೆಂಬರ್ 17ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಪತ್ರಕರ್ತರನ್ನು ಕರೆದು ಒಂದು ಸಾಮತಿಯನ್ನು ಹೇಳಿದರು. ಯುರೋಪಿನಲ್ಲಿ ಯುದ್ಧ ಆರಂಭವಾಗಿ ಆಗ ಹದಿನೈದು ತಿಂಗಳುಗಳಾಗಿದ್ದವು. ಫ್ರಾನ್ಸ್ ಶರಣಾಗಿತ್ತು. ಲಂಡನ್ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದವು. ಶಸ್ತ್ರಾಸ್ತ್ರಗಳನ್ನು ಕೊಳ್ಳಲು ಬ್ರಿಟನ್ನಿನ ಬಳಿ ಹಣ ಮುಗಿಯುತ್ತ ಬಂದಿತ್ತು. ರೂಸ್‌ವೆಲ್ಟ್ ಹೇಳಿದ್ದರ ತಾತ್ಪರ್ಯವಿಷ್ಟು: ನೆರೆಮನೆಗೆ ಬೆಂಕಿ ಬಿದ್ದಿದೆ, ನನ್ನ ಬಳಿ ತೋಟಕ್ಕೆ ನೀರು ಹಾಯಿಸುವ ಪೈಪು ಇದೆ ಎಂದುಕೊಳ್ಳಿ. ಪೈಪಿನ ಬೆಲೆ ಹದಿನೈದು ಡಾಲರ್, ಮೊದಲು ಅದನ್ನು ಕೊಡು ಎಂದು ನಾನು ಕೇಳುವುದಿಲ್ಲ. ಬೆಂಕಿ ಆರಿದ ಮೇಲೆ ಪೈಪನ್ನು ಹಿಂದಿರುಗಿಸಿದರೆ ಸಾಕು.

ಯಾವ ಹಳ್ಳಿಗನಿಗೂ ಅರ್ಥವಾಗುವ ಮಾತಿದು. ಆದರೆ ಇದರ ಬೆನ್ನಿಗೇ ಒಂದು ಇರುಸುಮುರುಸಿನ ಪ್ರಶ್ನೆ ಏಳುತ್ತದೆ. ಆ ಬೆಂಕಿ ಅಂದು ಹೊತ್ತಿಕೊಂಡದ್ದಲ್ಲ. ಹೊಗೆ ಎಷ್ಟೋ ವರ್ಷಗಳಿಂದ ಕಾಣುತ್ತಿತ್ತು. ಅಷ್ಟು ಕಾಲ ನೆರೆಯವನು ನೆರೆಯವನಾಗಿರಲಿಲ್ಲವೇ? ಒಬ್ಬನು ನಮಗೆ ನೆರೆಯವನಾಗುವುದು ಯಾವಾಗ? ಅವನ ಮನೆ ಉರಿಯತೊಡಗಿದಾಗಲೋ, ಅಥವಾ ಅವನ ಮನೆಯ ಕಿಡಿ ನಮ್ಮ ಮಾಡಿನ ಮೇಲೆ ಬೀಳುವ ಭಯ ಹುಟ್ಟಿದಾಗಲೋ? ಎರಡು ಮಹಾಯುದ್ಧಗಳ ನಡುವೆ ಸಿರಿ, ಬಡತನ ಮತ್ತು ಯುದ್ಧ ಈ ಮೂರನ್ನೂ ಕಂಡ ಅಮೆರಿಕದ ಕಥೆಯನ್ನು ಈ ಪ್ರಶ್ನೆಯೊಂದಿಗೆ ಓದೋಣ.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ 1,16,000ಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಮುಂದೆ ಇಂಥ ಯುದ್ಧ ನಡೆಯದಂತೆ ರಾಷ್ಟ್ರಗಳೆಲ್ಲ ಸೇರಿ ಒಂದು ಸಂಘ ಕಟ್ಟಬೇಕೆಂಬುದು ಅಧ್ಯಕ್ಷ ವುಡ್ರೊ ವಿಲ್ಸನ್ನರ ಕನಸಾಗಿತ್ತು. ಆ ಸಂಘವೇ ಲೀಗ್ ಆಫ್ ನೇಷನ್ಸ್. ಆದರೆ 1920ರ ಮಾರ್ಚ್ ತಿಂಗಳಲ್ಲಿ ಅದನ್ನೊಳಗೊಂಡ ಒಪ್ಪಂದಕ್ಕೆ ಸೆನೆಟ್ಟಿನಲ್ಲಿ ಬೇಕಾದ ಮೂರನೆಯ ಎರಡು ಭಾಗದ ಬಹುಮತಕ್ಕೆ ಏಳು ಮತಗಳು ಕಡಿಮೆಯಾದವು. ಕನಸು ಕಂಡ ದೇಶವೇ ಆ ಸಂಘದಿಂದ ಹೊರಗುಳಿಯಿತು.

ಇದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವುದು ನ್ಯಾಯವಲ್ಲ. ‘ಮನೆ ಗೆದ್ದು ಮಾರು ಗೆಲ್ಲು’ ಎಂದು ನಾವೂ ಹೇಳುತ್ತೇವೆ. ಮಕ್ಕಳನ್ನು ಸಮಾಧಿ ಮಾಡಿದ ತಂದೆತಾಯಿಗಳಿಗೆ ದೂರದ ಜಗಳ ಬೇಡವೆನಿಸಿದ್ದು ಸಹಜ. ಆದರೆ ಮುಂದೆ ನಡೆದದ್ದೇನು? ಮನೆಯನ್ನು ಗೆಲ್ಲುವುದೆಂದರೆ ಬಾಗಿಲು ಮುಚ್ಚುವುದೆಂದು ಅರ್ಥವಾಗಿ ಹೋಯಿತು.

1920ರ ದಶಕ ಸಿರಿಯ ಕಾಲ. ಮೋಟಾರು, ರೇಡಿಯೋ, ವಿದ್ಯುತ್ತು ಲಕ್ಷಾಂತರ ಮನೆಗಳನ್ನು ಸೇರಿದವು. ಅದೇ ಕಾಲದಲ್ಲಿ, 1924ರಲ್ಲಿ, ಹೊರಗಿನವರ ಪ್ರವೇಶವನ್ನು ಬಿಗಿಗೊಳಿಸುವ ಕಾನೂನು ಬಂತು. 1890ರ ಜನಗಣತಿಯಲ್ಲಿ ಒಂದೊಂದು ದೇಶದಿಂದ ಬಂದವರು ಎಷ್ಟು ಮಂದಿ ಇದ್ದರೋ ಅದರ ಶೇಕಡ 2ರಷ್ಟು ಜನರಿಗೆ ಮಾತ್ರ ವರ್ಷಕ್ಕೆ ಅವಕಾಶ. ಅಷ್ಟು ಹಿಂದಿನ ವರ್ಷವನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಇಟಲಿ, ಪೋಲೆಂಡ್‌ಗಳ ಕಥೋಲಿಕರು ಮತ್ತು ಪೂರ್ವ ಯುರೋಪಿನ ಯೆಹೂದ್ಯರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಆ ವರ್ಷದ ನಂತರ. ಒಂದು ಕಾಲಕ್ಕೆ ವರ್ಷಕ್ಕೆ ಎರಡು ಲಕ್ಷದಷ್ಟು ಜನರು ಬರುತ್ತಿದ್ದ ಇಟಲಿಗೆ ಈಗ 3,845 ಸ್ಥಾನಗಳು ಮಾತ್ರ ಉಳಿದವು. ಏಷ್ಯಾದವರಿಗಂತೂ ಬಾಗಿಲೇ ಇರಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯರು ಬಿಳಿಯರಲ್ಲವಾದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1923ರಲ್ಲಿ ತೀರ್ಪಿತ್ತಿತ್ತು.

ಒಳಗಿದ್ದವರಲ್ಲಿಯೂ ಎಲ್ಲರೂ ನೆರೆಯವರಾಗಿರಲಿಲ್ಲ. 1928ರ ಚುನಾವಣೆಯಲ್ಲಿ ನ್ಯೂಯಾರ್ಕಿನ ರಾಜ್ಯಪಾಲ ಆಲ್ ಸ್ಮಿತ್ ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತರು. ದೊಡ್ಡ ಪಕ್ಷವೊಂದು ಕಥೋಲಿಕರೊಬ್ಬರನ್ನು ನಿಲ್ಲಿಸಿದ್ದು ಅದೇ ಮೊದಲು. ಅವರು ಗೆದ್ದರೆ ರೋಮಿನ ಜಗದ್ಗುರುಗಳೇ ವಾಷಿಂಗ್ಟನ್ನಿನಲ್ಲಿ ಆಳುವರೆಂದು ಕರಪತ್ರಗಳು ಹರಿದಾಡಿದವು. ಸ್ಮಿತ್ ಸೋತದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಹೊಟ್ಟೆ ತುಂಬಿದ ಕಾಲದಲ್ಲಿಯೂ ಸಂಶಯ ಹಸಿವಿನಿಂದಲೇ ಇತ್ತೆಂಬುದು ಸ್ಪಷ್ಟ.

ಈ ಸಿರಿಯ ತಳಪಾಯ ಎಂಥದ್ದಾಗಿತ್ತು? ಯುದ್ಧಕಾಲದಲ್ಲಿ ಅಮೆರಿಕ ತನ್ನ ಮಿತ್ರರಿಗೆ ಸುಮಾರು 1,000 ಕೋಟಿ ಡಾಲರ್ ಸಾಲ ಕೊಟ್ಟಿತ್ತು. ಅದನ್ನು ಹಿಂದಿರುಗಿಸಲೇಬೇಕೆಂದು ಪಟ್ಟು ಹಿಡಿಯಿತು. ಬ್ರಿಟನ್, ಫ್ರಾನ್ಸ್‌ಗಳು ಆ ಹಣಕ್ಕಾಗಿ ಸೋತ ಜರ್ಮನಿಯನ್ನು ಹಿಂಡಿದವು. ಜರ್ಮನಿ ಅಮೆರಿಕದ ಬ್ಯಾಂಕುಗಳಿಂದಲೇ ಸಾಲ ತಂದು ಅವರಿಗೆ ಕೊಟ್ಟಿತು. ಹೀಗೆ ಒಬ್ಬರ ಕೈಯಿಂದ ಒಬ್ಬರಿಗೆ ಸುತ್ತುತ್ತಿದ್ದ ಹಣದ ಮೇಲೆ ಯುರೋಪಿನ ಶಾಂತಿ ನಿಂತಿತ್ತು. 1928ರಲ್ಲಿ ಯುದ್ಧವನ್ನೇ ತ್ಯಜಿಸುವ ಒಪ್ಪಂದಕ್ಕೆ ಪ್ಯಾರಿಸ್ಸಿನಲ್ಲಿ ಅಮೆರಿಕವೂ ಸೇರಿ ಹದಿನೈದು ರಾಷ್ಟ್ರಗಳು ಸಹಿ ಹಾಕಿದವು. ಸೆನೆಟ್ಟು 1929ರ ಜನವರಿಯಲ್ಲಿ ಅದನ್ನು ಒಂದೇ ಒಂದು ವಿರೋಧ ಮತದೊಂದಿಗೆ ಅಂಗೀಕರಿಸಿತು. ಮಾತು ಕೊಡುವುದು ಸುಲಭವಾಗಿತ್ತು. ಅದನ್ನು ಉಳಿಸಿಕೊಳ್ಳಲು ಯಾರೂ ಏನನ್ನೂ ಕೊಡಬೇಕಾಗಿರಲಿಲ್ಲ.

1929ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1933ರ ಹೊತ್ತಿಗೆ ಅಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಕಷ್ಟದಲ್ಲಿ ಮನುಷ್ಯ ಮೊದಲು ಮಾಡುವುದು ತನ್ನ ಪಾಲನ್ನು ಬಿಗಿಯಾಗಿ ಹಿಡಿಯುವುದು. 1930ರಲ್ಲಿ ವಿದೇಶಿ ಸರಕುಗಳ ಮೇಲಿನ ಸುಂಕವನ್ನು ಏರಿಸುವ ಮಸೂದೆ ಬಂದಾಗ, ಸಾವಿರಕ್ಕೂ ಹೆಚ್ಚು ಅರ್ಥಶಾಸ್ತ್ರಜ್ಞರು ಬೇಡವೆಂದು ಮನವಿ ಮಾಡಿಕೊಂಡರು. ಅಧ್ಯಕ್ಷ ಹರ್ಬರ್ಟ್ ಹೂವರ್ ಅದಕ್ಕೆ ಸಹಿ ಹಾಕಿದರು. ಬೇರೆ ದೇಶಗಳೂ ಗೋಡೆಗಳನ್ನೆಬ್ಬಿಸಿದವು. ಅಮೆರಿಕದ ಸಾಲ ನಿಂತ ಮೇಲೆ ಜರ್ಮನಿಯಲ್ಲಿ 1932ರಲ್ಲಿ ನಿರುದ್ಯೋಗಿಗಳ ಸಂಖ್ಯೆ ಅರವತ್ತು ಲಕ್ಷವನ್ನು ಮುಟ್ಟಿತು. 1928ರಲ್ಲಿ ನೂರಕ್ಕೆ ಮೂರು ಮತಗಳನ್ನೂ ಪಡೆಯದಿದ್ದ ಹಿಟ್ಲರನ ಪಕ್ಷ 1932ರ ಜುಲೈನಲ್ಲಿ 37 ಮತಗಳನ್ನು ಪಡೆಯಿತು. ಇದಕ್ಕೆಲ್ಲ ಅಮೆರಿಕವೊಂದೇ ಕಾರಣವೆನ್ನುವುದು ತಪ್ಪು. ಆದರೆ ಬಾಗಿಲು ಮುಚ್ಚಿಕೊಂಡವನಿಗೂ ಹೊರಗಿನ ಬೆಂಕಿಗೂ ಸಂಬಂಧವೇ ಇರಲಿಲ್ಲವೆನ್ನುವುದೂ ತಪ್ಪೇ.

ಹೂವರ್ ಕಲ್ಲೆದೆಯವರಾಗಿರಲಿಲ್ಲ. ಮೊದಲನೆಯ ಯುದ್ಧದಲ್ಲಿ ಬೆಲ್ಜಿಯಮ್ಮಿನ ಹಸಿದವರಿಗೆ, 1921ರ ಕ್ಷಾಮದಲ್ಲಿ ರಷ್ಯದವರಿಗೆ ಅನ್ನ ತಲುಪಿಸಿದವರು ಅವರೇ. ಆದರೆ ಸರಕಾರವೇ ನೇರವಾಗಿ ನೆರವು ಕೊಟ್ಟರೆ ಜನರ ಸ್ವಾವಲಂಬನೆ ಕೆಡುತ್ತದೆಂದು ಅವರು ನಂಬಿದ್ದರು. 1932ರ ಜುಲೈ 28ರಂದು, ತಮಗೆ ಬರಬೇಕಾದ ಹಣವನ್ನು ಬೇಗ ಕೊಡಿರೆಂದು ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟಿದ್ದ ಹಳೆಯ ಸೈನಿಕರನ್ನು ಸೈನ್ಯವೇ ಓಡಿಸಿತು. ಅವರ ಗುಡಿಸಲುಗಳು ಸುಟ್ಟುಹೋದವು. ಒಳ್ಳೆಯ ಮನುಷ್ಯನ ತತ್ತ್ವವೂ ಕಣ್ಣೆದುರಿನ ಹಸಿವನ್ನು ಮರೆಮಾಡಬಲ್ಲದು.

ಇಲ್ಲಿ ಇಬ್ಬರು ಕಥೋಲಿಕರನ್ನು ನೆನೆಯಬೇಕು, ಏಕೆಂದರೆ ಈ ಕಥೆ ಪರರದ್ದು ಮಾತ್ರವಲ್ಲ. ಮೊದಲನೆಯವರು ಡೆಟ್ರಾಯಿಟ್ ಬಳಿಯ ಧರ್ಮಕೇಂದ್ರವೊಂದರ ಗುರು ಚಾರ್ಲ್ಸ್ ಕಫ್ಲಿನ್. ಅವರ ರೇಡಿಯೋ ಪ್ರವಚನವನ್ನು ಪ್ರತಿ ವಾರ ಲಕ್ಷಾಂತರ ಜನರು ಕೇಳುತ್ತಿದ್ದರು. ಬಡವರ ಪರವಾಗಿ ಆರಂಭವಾದ ಆ ದನಿ ಕ್ರಮೇಣ ಎಲ್ಲ ಕಷ್ಟಕ್ಕೂ ಯೆಹೂದ್ಯರೇ ಕಾರಣವೆಂದು ಬೆರಳು ತೋರಿಸಲಾರಂಭಿಸಿತು. 1938ರ ನವೆಂಬರ್‌ನಲ್ಲಿ ಜರ್ಮನಿಯ ಯೆಹೂದ್ಯರ ಪ್ರಾರ್ಥನಾಮಂದಿರಗಳು ಉರಿದ ಕೆಲವೇ ದಿನಗಳಲ್ಲಿ ಅವರು ಆ ಹಿಂಸೆಗೆ ಸಮಜಾಯಿಷಿ ಕೊಟ್ಟರು. 1942ರಲ್ಲಿ ಮಹಾಧರ್ಮಾಧ್ಯಕ್ಷರು ಅವರ ರಾಜಕೀಯ ಚಟುವಟಿಕೆಯನ್ನು ನಿಲ್ಲಿಸಿದರು. ಎರಡನೆಯವರು ಡೊರೊಥಿ ಡೇ. 1933ರ ಮೇ 1ರಂದು ಅವರು ನ್ಯೂಯಾರ್ಕಿನಲ್ಲಿ ಒಂದು ಸೆಂಟು ಬೆಲೆಯ ಪತ್ರಿಕೆ ಆರಂಭಿಸಿದರು. ಅದರ ಜೊತೆಗೇ ನಿರ್ಗತಿಕರಿಗೆ ಊಟ, ಮಲಗಲು ಜಾಗ ಕೊಡುವ ಮನೆಗಳನ್ನು ತೆರೆದರು. ಇಬ್ಬರೂ ಕಂಡದ್ದು ಅದೇ ಹಸಿವನ್ನು. ಇಬ್ಬರೂ ಪ್ರಾರ್ಥಿಸಿದ್ದು ಅದೇ ಪೀಠದ ಮುಂದೆ. ಒಬ್ಬರು ಜನರಿಗೆ ಶತ್ರುವನ್ನು ತೋರಿಸಿದರು, ಇನ್ನೊಬ್ಬರು ಊಟಕ್ಕೆ ಬಡಿಸಿದರು. ಕೇಳುಗರು ಹೆಚ್ಚು ಇದ್ದದ್ದು ಮೊದಲನೆಯವರಿಗೆ ಎಂಬುದನ್ನು ನಾವು ಮರೆಯಬಾರದು.

1933ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಂಡ ರೂಸ್‌ವೆಲ್ಟ್, ಅಮೆರಿಕ ಜಗತ್ತಿಗೆ ಒಳ್ಳೆಯ ನೆರೆಯವನಾಗಿರಬೇಕೆಂದು ತಮ್ಮ ಮೊದಲ ಭಾಷಣದಲ್ಲಿಯೇ ಹೇಳಿದ್ದರು. ಮರುವರ್ಷ ಹೈಟಿ ದೇಶದಿಂದ ಸೈನ್ಯವನ್ನು ಹಿಂದೆಗೆದುಕೊಂಡರು. 1935ರಲ್ಲಿ ವೃದ್ಧರಿಗೂ ನಿರುದ್ಯೋಗಿಗಳಿಗೂ ಆಸರೆಯಾಗುವ ಸಾಮಾಜಿಕ ಭದ್ರತೆಯ ಕಾನೂನು ಬಂತು. ಆದರೆ ಆ ಕಾನೂನು ಕೂಡ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ದಕ್ಷಿಣದ ಕಪ್ಪುಜನರಲ್ಲಿ ಬಹುಪಾಲಿನವರ ಜೀವನೋಪಾಯ ಆ ಕೆಲಸಗಳೇ ಆಗಿದ್ದವು.

ಅದೇ ವರ್ಷ ತಟಸ್ಥ ನೀತಿಯ ಮೊದಲ ಕಾನೂನೂ ಬಂತು. ಯುದ್ಧ ಮಾಡುವ ಯಾವ ದೇಶಕ್ಕೂ ಶಸ್ತ್ರ ಮಾರಬಾರದು. ಹೊಡೆದವನೂ ಹೊಡೆಸಿಕೊಂಡವನೂ ಕಾನೂನಿಗೆ ಒಂದೇ. ಇಟಲಿ ಇಥಿಯೋಪಿಯದ ಮೇಲೆ ಬಿದ್ದಾಗ, ತನ್ನ ಶಸ್ತ್ರಗಳನ್ನು ತಾನೇ ತಯಾರಿಸುತ್ತಿದ್ದ ಇಟಲಿಗೆ ಇದರಿಂದ ನಷ್ಟವಾಗಲಿಲ್ಲ. ಅದಕ್ಕೆ ಬೇಕಾಗಿದ್ದ ಎಣ್ಣೆಯನ್ನು ಕಾನೂನು ತಡೆದಿರಲಿಲ್ಲ. 1937ರಿಂದ ಜಪಾನ್ ಚೀನಾವನ್ನು ತುಳಿಯುತ್ತಿದ್ದಾಗಲೂ ಅಮೆರಿಕದ ಗುಜರಿ ಕಬ್ಬಿಣ 1940ರವರೆಗೆ, ಎಣ್ಣೆ 1941ರವರೆಗೆ ಜಪಾನಿಗೆ ಹೋಗುತ್ತಲೇ ಇತ್ತು. ನಾನು ಯಾರ ಪಕ್ಷವೂ ಅಲ್ಲ ಎನ್ನುವವನು ಎಷ್ಟೋ ಸಲ ಬಲಶಾಲಿಯ ಪಕ್ಷದಲ್ಲಿರುತ್ತಾನೆ.

1939ರ ಮೇ 13ರಂದು ಸೇಂಟ್ ಲೂಯಿಸ್ ಎಂಬ ಹಡಗು 937 ಪ್ರಯಾಣಿಕರೊಂದಿಗೆ ಜರ್ಮನಿಯ ಹ್ಯಾಂಬರ್ಗ್ ಬಂದರನ್ನು ಬಿಟ್ಟಿತು. ಅವರಲ್ಲಿ ಬಹುತೇಕರು ಹಿಟ್ಲರನಿಂದ ತಪ್ಪಿಸಿಕೊಂಡು ಹೊರಟ ಯೆಹೂದ್ಯರು. ಕ್ಯೂಬಾ ಬೆರಳೆಣಿಕೆಯ ಜನರನ್ನು ಮಾತ್ರ ಇಳಿಸಿಕೊಂಡಿತು. ಹಡಗು ಅಮೆರಿಕದ ಫ್ಲಾರಿಡಾ ತೀರದತ್ತ ಸಾಗಿತು. ಪ್ರಯಾಣಿಕರಿಗೆ ಮಿಯಾಮಿ ನಗರದ ದೀಪಗಳು ಕಾಣುತ್ತಿದ್ದವು. ಅವರು ರೂಸ್‌ವೆಲ್ಟರಿಗೆ ತಂತಿ ಕಳುಹಿಸಿದರು, ಉತ್ತರ ಬರಲಿಲ್ಲ. ಸರದಿ ಬರುವವರೆಗೆ ಕಾಯಬೇಕೆಂಬುದು ಸರಕಾರದ ನಿಲುವು. ಸರದಿಯನ್ನು ನಿರ್ಧರಿಸಿದ್ದು 1924ರ ಆ ಕಾನೂನೇ. ಹಡಗು ಯುರೋಪಿಗೆ ಹಿಂದಿರುಗಿತು. ಬ್ರಿಟನ್, ಫ್ರಾನ್ಸ್, ಬೆಲ್ಜಿಯಂ, ನೆದರ್ಲೆಂಡ್ಸ್ ದೇಶಗಳು ಅವರನ್ನು ಹಂಚಿಕೊಂಡವು. ಮರುವರ್ಷ ಜರ್ಮನ್ ಸೈನ್ಯ ಬ್ರಿಟನ್ ಹೊರತು ಉಳಿದ ಮೂರೂ ದೇಶಗಳನ್ನು ಹಿಡಿಯಿತು. ಹಿಂದಿರುಗಿದವರಲ್ಲಿ 254 ಮಂದಿ ನಾಜಿಗಳ ನರಮೇಧದಲ್ಲಿ ಸತ್ತರು. ಅದೇ 1939ರಲ್ಲಿ ಇಪ್ಪತ್ತು ಸಾವಿರ ನಿರಾಶ್ರಿತ ಮಕ್ಕಳನ್ನು ಬರಮಾಡಿಕೊಳ್ಳುವ ಮಸೂದೆಯೊಂದು ಅಮೆರಿಕದ ಸಂಸತ್ತಿನಲ್ಲಿ ಮತಕ್ಕೆ ಬಾರದೆಯೇ ಬಿದ್ದುಹೋಯಿತು.

ಈಗ ಆ ಪೈಪಿನ ಕಥೆಗೆ ಹಿಂದಿರುಗೋಣ. 1941ರ ಮಾರ್ಚ್ 11ರಂದು ಅದು ಕಾನೂನಾಯಿತು. ಯುದ್ಧ ಮುಗಿಯುವಷ್ಟರಲ್ಲಿ ಮಿತ್ರ ದೇಶಗಳಿಗೆ ಸುಮಾರು 5,000 ಕೋಟಿ ಡಾಲರ್ ಬೆಲೆಯ ನೆರವು ಹರಿಯಿತು. ಅದರ ಹಿಂದೆ ಅಮೆರಿಕದ ಸ್ವಂತ ರಕ್ಷಣೆಯ ಲೆಕ್ಕಾಚಾರವಿತ್ತು. ಹಾಗೆಂದು ಆ ನೆರವು ಬೆಲೆಯಿಲ್ಲದ್ದಲ್ಲ. ಮಿಶ್ರ ಉದ್ದೇಶದಿಂದ ಎರೆದ ನೀರೂ ಬೆಂಕಿಯನ್ನು ಆರಿಸುತ್ತದೆ. ಆದರೆ ಹಡಗಿನಲ್ಲಿದ್ದವರು ಪ್ರತಿಯಾಗಿ ಏನನ್ನೂ ಕೊಡಲಾರದವರಾಗಿದ್ದರು. ಅವರನ್ನು ಒಳಕ್ಕೆ ಕರೆಯುವುದರಿಂದ ಯಾವ ಗಡಿಯೂ ಭದ್ರವಾಗುತ್ತಿರಲಿಲ್ಲ. ನೆರೆಯವನೆಂಬ ಮಾತಿನ ನಿಜವಾದ ಪರೀಕ್ಷೆ ಅಲ್ಲಿತ್ತು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದಾಗ ಯುದ್ಧ ಮನೆಯೊಳಕ್ಕೇ ಬಂತು. ಭಯ ಒಳಗಿನ ನೆರೆಯವನನ್ನೂ ಅಪರಿಚಿತನನ್ನಾಗಿಸಿತು. ಜಪಾನೀ ಮೂಲದ ಸುಮಾರು 1,20,000 ಜನರನ್ನು ವಿಚಾರಣೆಯಿಲ್ಲದೆ ಮುಳ್ಳುತಂತಿಯ ಶಿಬಿರಗಳಿಗೆ ದೂಡಲಾಯಿತು. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಜನರು ಅಮೆರಿಕದ ಪೌರರೇ ಆಗಿದ್ದರು. ಆ ಆಜ್ಞೆಗೆ ಸಹಿ ಹಾಕಿದವರು ಪೈಪಿನ ಸಾಮತಿ ಹೇಳಿದ ಅದೇ ರೂಸ್‌ವೆಲ್ಟ್. 1988ರಲ್ಲಿ ಅಮೆರಿಕ ಕ್ಷಮೆ ಕೇಳಿ, ಬದುಕುಳಿದ ಒಬ್ಬೊಬ್ಬರಿಗೂ 20,000 ಡಾಲರ್ ಕೊಟ್ಟಿತು. ಆ ವೇಳೆಗೆ ಅನೇಕರು ತೀರಿಕೊಂಡಿದ್ದರು.

ದೇಶಗಳೂ ತಪ್ಪಿನಿಂದ ಕಲಿಯಬಲ್ಲವು ಎಂಬುದನ್ನೂ ಹೇಳಬೇಕು. 1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಸಹಿಯಾಯಿತು. ಭಾರತದ ಪರವಾಗಿ ಸಹಿ ಹಾಕಿದವರಲ್ಲಿ ಮರುವರ್ಷ ಮೈಸೂರಿನ ದಿವಾನರಾದ ಸರ್ ಎ. ರಾಮಸ್ವಾಮಿ ಮೊದಲಿಯಾರರೂ ಇದ್ದರು. ಈ ಸಲ ಸೆನೆಟ್ಟಿನಲ್ಲಿ ವಿರೋಧವಾಗಿ ಬಿದ್ದವು ಎರಡೇ ಮತಗಳು. 1920ರ ದಶಕದಲ್ಲಿ ಸಾಲ ವಸೂಲಿಗೆ ನಿಂತಿದ್ದ ದೇಶ 1948ರಿಂದ ಯುರೋಪನ್ನು ಮತ್ತೆ ಕಟ್ಟಲು ಸುಮಾರು 1,300 ಕೋಟಿ ಡಾಲರ್ ನೀಡಿತು, ಸೋತ ಪಶ್ಚಿಮ ಜರ್ಮನಿಗೂ ಸೇರಿಸಿ. 1946ರಲ್ಲಿ ಭಾರತೀಯರಿಗೆ ವರ್ಷಕ್ಕೆ ನೂರು ಸ್ಥಾನಗಳಷ್ಟು ಬಾಗಿಲು ತೆರೆಯಿತು. 1965ರ ಕಾನೂನು ಅದನ್ನು ಅಗಲಗೊಳಿಸಿತು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಆ ಬಾಗಿಲಿನಿಂದಲೇ ಹೋದವರು.

ಪ್ರಿಯ ಓದುಗರೇ, ದೂರದ ದೇಶದ ತಪ್ಪುಗಳನ್ನು ಎಣಿಸುವುದು ಸುಲಭ. ಆ ದೇಶವನ್ನು ನಡೆಸಿದವರು ನಮ್ಮಂಥ ಸಂಸಾರಿಗಳೇ. ಅನುಕೂಲವಿದ್ದಾಗ ಬಾಗಿಲಿಗೆ ಅಗುಳಿ ಹಾಕುವುದು, ಕಷ್ಟ ಬಂದಾಗ ಯಾರನ್ನಾದರೂ ದೂರುವುದು, ಭಯವಾದಾಗ ಪಕ್ಕದ ಮನೆಯವನ ಹೆಸರನ್ನೂ ಭಾಷೆಯನ್ನೂ ಸಂಶಯದಿಂದ ನೋಡುವುದು ನಮಗೆ ಹೊಸತೇ? ಕೆಲಸ ಹುಡುಕಿಕೊಂಡು ನಮ್ಮ ಊರಿಗೆ ಬಂದು, ನಮ್ಮ ಬೀದಿಯ ಕೊನೆಯಲ್ಲಿ ಬಾಡಿಗೆ ಕೋಣೆಯೊಂದರಲ್ಲಿ ಉಳಿದಿರುವ ಪರಭಾಷೆಯ ಕುಟುಂಬವನ್ನು ನಾವು ಏನೆಂದು ಕರೆಯುತ್ತೇವೆ? ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೇನು ಫಲವೆಂದು ಹಿರಿಯರು ಕೇಳುತ್ತಿದ್ದರು. ನೆರೆಯವನನ್ನು ನೆರೆಯವನೆಂದು ಅರಿಯುವುದಕ್ಕೂ ಬೆಂಕಿ ಬೀಳುವವರೆಗೆ ಕಾಯಬೇಕಾಗಿಲ್ಲ.

1939ರ ಆ ರಾತ್ರಿ ಮಿಯಾಮಿಯ ದೀಪಗಳ ಕೆಳಗೆ ಒಳ್ಳೆಯ ಜನರೇ ಊಟಕ್ಕೆ ಕುಳಿತಿದ್ದಿರಬೇಕು, ಮಕ್ಕಳನ್ನು ಮಲಗಿಸುತ್ತಿದ್ದಿರಬೇಕು. ಹಡಗಿನಲ್ಲಿದ್ದವರಿಗೆ ಆ ದೀಪಗಳು ಕಾಣುತ್ತಿದ್ದವು. ದೀಪದ ಬಳಿ ಕುಳಿತವರಿಗೆ ಹಡಗು ಕಾಣಲಿಲ್ಲ. ಇಂದು ರಾತ್ರಿ ನಮ್ಮ ಮನೆಯ ದೀಪ ಯಾರಿಗೆ ಕಾಣುತ್ತಿದೆಯೆಂದು ಒಮ್ಮೆ ಬಾಗಿಲು ತೆರೆದು ನೋಡೋಣ.