ತೆರೆದ ಬಾಗಿಲಿನ ಊರು

ರಾತ್ರಿ ಒಂಬತ್ತರ ಸುಮಾರಿಗೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಚಿಗರಿ ಬಸ್ಸಿನಲ್ಲಿ ಸುಮ್ಮನೆ ಕಿವಿಗೊಟ್ಟು ಕುಳಿತರೆ ಒಂದೇ ಮಾತು ಬೇರೆ ಬೇರೆ ದನಿಯಲ್ಲಿ ಕೇಳುತ್ತದೆ. ‘ನವನಗರ ದಾಟೇತಿ ಯವ್ವಾ’, ‘ಹಾಂ, ಇಳದ ಕೂಡ್ಲೇ ಫೋನ್ ಮಾಡ್ತೀನಿ’. ಹೇಳುವವರೆಲ್ಲ ಹೆಚ್ಚಾಗಿ ಹೆಣ್ಣುಮಕ್ಕಳು. ಹಿಂದಿನ ಸೀಟಿನ ಹುಡುಗನಿಗೂ ಮನೆಯಿಂದ ಫೋನು ಬರಬಹುದು, ಆದರೆ ಅದು ಊಟಕ್ಕೆ ಬರ್ತೀಯೋ ಇಲ್ಲೋ ಎಂದು ಕೇಳಲಿಕ್ಕೆ. ನಮ್ಮೂರು ಹೇಗೆ ಎಂದು ಕೇಳಿ ನೋಡಿ, ಇಬ್ಬರೂ ‘ಏನೂ ತ್ರಾಸಿಲ್ರೀ’ ಎಂದೇ ಹೇಳುತ್ತಾರೆ. ಹುಡುಗನಿಗೆ ಆ ಮಾತು ಪುಕ್ಕಟೆ ಸಿಕ್ಕಿದೆ. ಹುಡುಗಿ ಅದಕ್ಕಾಗಿ ದಿನವೂ ಏನಾದರೊಂದು ಬಿಟ್ಟುಕೊಡುತ್ತಾಳೆ: ಸಂಜೆಯ ಕ್ಲಾಸು, ಗೆಳತಿಯ ಮನೆ, ಕೆಲಗೇರಿ ಕೆರೆಯ ದಂಡೆಯ ತಿರುಗಾಟ.

ಈ ಅವಳಿ ನಗರದಲ್ಲಿ 2015ರಿಂದೀಚೆಗೆ ರಕ್ತ ಬಿದ್ದ ಜಾಗಗಳನ್ನು ನೆನೆದರೆ ಒಂದು ವಿಚಿತ್ರ ಕಾಣುತ್ತದೆ. ನಾವು ಮಕ್ಕಳಿಗೆ ಹೆದರಿಸಿ ಹೇಳುವ ಕತ್ತಲು, ನಿರ್ಜನ ರಸ್ತೆ, ಗುರುತಿಲ್ಲದ ಮನುಷ್ಯ ಇವು ಅಲ್ಲಿ ಅಷ್ಟಾಗಿ ಸಿಗುವುದಿಲ್ಲ. 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ವಿದ್ವಾಂಸ ಡಾ. ಎಂ. ಎಂ. ಕಲಬುರ್ಗಿಯವರಿಗೆ ಗುಂಡು ಹಾರಿದ್ದು ಬೆಳಗಿನ ಹೊತ್ತು, ಅವರದೇ ಮನೆ ಬಾಗಿಲಲ್ಲಿ. 2022ರ ಜುಲೈ 5ರಂದು ‘ಸರಳ ವಾಸ್ತು’ ಚಂದ್ರಶೇಖರ ಗುರೂಜಿಯವರನ್ನು ಇರಿದದ್ದು ಹಾಡಹಗಲು, ಹುಬ್ಬಳ್ಳಿಯ ಉಣಕಲ್ಲಿನ ಹೋಟೆಲೊಂದರ ಸ್ವಾಗತ ಕೋಣೆಯಲ್ಲಿ. ಕಾಲಿಗೆ ನಮಸ್ಕರಿಸುವಂತೆ ಬಾಗಿದವರೇ ಚಾಕು ತೆಗೆದರು. ಅಷ್ಟೂ ಕ್ಯಾಮೆರಾದಲ್ಲಿ ಸೆರೆಯಾಯಿತು. ಕ್ಯಾಮೆರಾ ಅವರನ್ನು ಉಳಿಸಲಿಲ್ಲ, ದೇಶಕ್ಕೆಲ್ಲ ತೋರಿಸಿತು ಅಷ್ಟೆ.

ಧಾರವಾಡದ ಬಾಗಿಲ ಬಗ್ಗೆ ಸ್ವಲ್ಪ ಹೇಳಬೇಕು. ಇಲ್ಲಿ ಪ್ರೊಫೆಸರರ, ಕವಿಗಳ, ಗವಾಯಿಗಳ ಮನೆಗೆ ಹೋಗಲು ಯಾರೂ ಮೊದಲೇ ವೇಳೆ ಕೇಳುತ್ತಿರಲಿಲ್ಲ. ‘ಸರ್ ಅದಾರೇನ್ರಿ?’ ಎಂದರೆ ಸಾಕು, ಒಳಗೆ ಚಾಪೆ, ಚಹಾ. ಕಲಬುರ್ಗಿಯವರ ಮನೆಗೆ ಅವತ್ತು ಬಂದವನನ್ನೂ ಮನೆಯವರು ವಿದ್ಯಾರ್ಥಿಯೆಂದೇ ತಿಳಿದು ಬಾಗಿಲು ತೆರೆದಿದ್ದರು. ಆ ಗುಂಡು ಒಬ್ಬ ವಿದ್ವಾಂಸನ ಜೊತೆಗೆ ಈ ರೂಢಿಗೂ ತಾಗಿತು. ಆಮೇಲೆ ಕೆಲವು ಮನೆಗಳ ಮುಂದೆ ಪೊಲೀಸರು ಕುಳಿತರು, ಬಾಗಿಲಿಗೆ ಜಾಳಿಗೆ ಬಂತು. ಆದರೂ ಶಿಷ್ಯರು ಬರುವುದು ನಿಲ್ಲಲಿಲ್ಲ. ಊರಿನ ಧೈರ್ಯ ಎಂದು ನಾನು ಕರೆಯುವುದಿದ್ದರೆ ಅದನ್ನು.

ಎಲ್ಲವೂ ಧೈರ್ಯವಲ್ಲ, ಮರೆವೂ ಇದೆ. 2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಯನ್ನು ಹಿಂದೆ ಜೊತೆಗೆ ಓದಿದವನೇ ಇರಿದು ಕೊಂದ ಎಂಬ ಪ್ರಕರಣ. ಲೋಕಸಭಾ ಚುನಾವಣೆ ಎದುರಿಗಿತ್ತು. ನಾವು ಆರೋಪಿಯ ಧರ್ಮದ ಲೆಕ್ಕ ಹಾಕುತ್ತ ಕುಳಿತೆವು. ತಿಂಗಳು ತುಂಬುವ ಮೊದಲೇ, ಮೇ 15ರ ನಸುಕಿನಲ್ಲಿ, ವೀರಾಪುರ ಓಣಿಯಲ್ಲಿ ಇನ್ನೊಬ್ಬ ಹುಡುಗಿ ತನ್ನ ಮನೆಯೊಳಗೇ ಕೊಲೆಯಾದಳು. ಈ ಸಲ ಆ ಲೆಕ್ಕ ಹೊಂದಲಿಲ್ಲ. ಎರಡೂ ಕಡೆ ಕಾರಣವಾಗಿ ಕೇಳಿಬಂದದ್ದು ಒಂದೇ: ಹುಡುಗಿ ಒಲ್ಲೆ ಎಂದದ್ದು. ಬೆದರಿಕೆಯ ವಿಷಯ ಠಾಣೆಗೆ ಮೊದಲೇ ಹೇಳಿದ್ದೆವು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ವೀರಾಪುರ ಓಣಿಯ ಮನೆಯವರು ಅತ್ತರು. ಇನ್‌ಸ್ಪೆಕ್ಟರ್ ಸಹಿತ ಪೊಲೀಸರು ಅಮಾನತಾದರು.

ಇದು ನಮ್ಮೂರಿನದಷ್ಟೇ ಕಥೆಯಲ್ಲ. 2017ರಲ್ಲಿ ಜಗತ್ತಿನಲ್ಲಿ ಉದ್ದೇಶಪೂರ್ವಕವಾಗಿ ಕೊಲ್ಲಲಾದ ಸುಮಾರು 87,000 ಹೆಂಗಸರಲ್ಲಿ ಶೇ. 58ರಷ್ಟು ಮಂದಿ ಸತ್ತದ್ದು ಸಂಗಾತಿಯ ಅಥವಾ ಮನೆಯವರ ಕೈಯಿಂದ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಆದರೂ ನಮ್ಮ ಮುನ್ನೆಚ್ಚರಿಕೆಯೆಲ್ಲ ಪರಕೀಯನ ಮೇಲೆ. ಧಾರವಾಡದ ಸಪ್ತಾಪುರದ ಪಿಜಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗಿಯರಿಗೆ ಗೇಟು ಬೇಗ ಬೀಳುತ್ತದೆ. ಹುಡುಗರು ಹೊರಗೆ ಚಹಾದಂಗಡಿಯ ಮುಂದೆ ನಿಂತು ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿರುತ್ತಾರೆ, ಸಮಾನತೆಯದನ್ನೂ ಸೇರಿಸಿ.

ಹುಬ್ಬಳ್ಳಿಯಲ್ಲಿ 2025ರ ಏಪ್ರಿಲ್ 13ರಂದು ನಡೆದ ಘಟನೆಯಲ್ಲಿ ಆರೋಪಿ ಹೊರಗಿನವನಾಗಿದ್ದ. ಐದು ವರ್ಷದ ಮಗುವನ್ನು ಎತ್ತೊಯ್ದು ಕೊಂದ ಆರೋಪ ಹೊತ್ತ ಬಿಹಾರದ ಕಾರ್ಮಿಕ ಅದೇ ದಿನ ಪೊಲೀಸರ ಗುಂಡಿಗೆ ಬಲಿಯಾದ. ಊರು ನಿಟ್ಟುಸಿರು ಬಿಟ್ಟಿತು, ಜೈಕಾರ ಹಾಕಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಮಗುವಿನ ತಾಯಿ ಮನೆಮನೆ ಕೆಲಸ ಮಾಡಿ ಬದುಕುವವಳು. ಆದರೆ ನಿಟ್ಟುಸಿರು ಬೇರೆ, ಸುರಕ್ಷತೆ ಬೇರೆ. ದುಡಿಯಲು ಹೋದ ತಾಯಿಯ ಮಗುವನ್ನು ಹಗಲು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಆ ಗುಂಡಿನಲ್ಲಿ ಉತ್ತರವಿರಲಿಲ್ಲ.

ಭಯವಿಲ್ಲದ ಬದುಕು ಎಂದರೆ ಅಪಾಯವೇ ಇಲ್ಲದ ಬದುಕಲ್ಲ, ಅಂಥದ್ದು ಯಾವ ಊರಲ್ಲೂ ಇಲ್ಲ. ನನಗೇನಾದರೂ ಆಗುವ ಮೊದಲು ನನ್ನ ಮಾತು ಯಾರೋ ನಂಬುತ್ತಾರೆ ಎಂಬ ಭರವಸೆ ಇದ್ದರೆ ಮನುಷ್ಯ ಅಪಾಯದ ನಡುವೆಯೂ ನಿರಾಳವಾಗಿ ನಡೆಯಬಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಸಿಗದಿರುವುದು ಅದು. ‘ಅವನು ಹಿಂದೆ ಬರ್ತಾನ’ ಎಂದರೆ ಮನೆಯಲ್ಲಿ ಮೊದಲು ಬೀಳುವ ಬೀಗ ಅವಳ ಓದಿಗೆ. ಅದಕ್ಕೇ ಅವಳು ಹೇಳುವುದಿಲ್ಲ.

ಹಾಗಾಗಿ ಕೇಳಿಕೊಳ್ಳುವುದಿಷ್ಟೆ. ನಿಮ್ಮ ಮನೆಯ, ಓಣಿಯ ಹುಡುಗಿ ಅಂಥ ಮಾತು ಆಡಿದರೆ, ನೀನ್ಯಾಕ ಆ ಹಾದೀಲೆ ಹೋಗಿದ್ದಿ ಎಂದು ಕೇಳಬೇಡಿ. ಅವಳ ಜೊತೆ ಠಾಣೆಗೆ ನಡೆಯಿರಿ, ದೂರನ್ನು ಬರವಣಿಗೆಯಲ್ಲಿ ಕೊಡಿ, ಸ್ವೀಕೃತಿ ಕೈಗೆ ಬರುವತನಕ ಅಲ್ಲಿಂದ ಏಳಬೇಡಿ.