ಓರೆಯಾದ ನಕ್ಷತ್ರ

ಕ್ರಿಸ್ಮಸ್ ಹಬ್ಬವು ಸಮೀಪಿಸುವಾಗ ನಮ್ಮ ಹಳ್ಳಿಯ ಮನೆಗಳಲ್ಲಿ ಬಿದಿರು ಸೀಳುವ ಶಬ್ದವು ಕೇಳಬರುವದು. ಭತ್ತದ ಕೊಯ್ಲು ಮುಗಿದು ಸಾಯಂಕಾಲಗಳಲ್ಲಿ ತುಸು ಬಿಡುವು ದೊರೆಯುವ ಈ ದಿವಸಗಳಲ್ಲಿ ತಂದೆತಾಯಿಗಳೂ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂತು ನಕ್ಷತ್ರವನ್ನು ಕಟ್ಟುವದೂ, ಬಣ್ಣದ ಕಾಗದದ ಸರಪಳಿಯನ್ನು ಅಂಟಿಸುವದೂ, ಗೋದಲಿಯ ಬಳಿಯಲ್ಲಿ ನಿಲ್ಲಿಸತಕ್ಕ ಕುರಿ ಎತ್ತುಗಳನ್ನು ಕೆರೆಯ ಜೇಡಿಮಣ್ಣಿನಿಂದ ಮಾಡುವದೂ ಉಂಟು. ಇಂಥ ಅಲ್ಪವಾದ ಕೆಲಸದಲ್ಲಿ ವಿಚಾರಿಸತಕ್ಕ ನೀತಿಯ ಪ್ರಶ್ನೆಯಾದರೂ ಏನಿದೆ ಎಂದು ನೀವು ಕೇಳಬಹುದು. ನಾವು ಸಹ ಹಾಗೆಯೇ ನೆನಸಿಕೊಂಡಿದ್ದೆವು. ಆದರೆ ನಮ್ಮ ಸ್ವಂತ ಮನೆಯಲ್ಲಿ ನಡೆದ ಒಂದು ಸಂಗತಿಯು ನಮ್ಮನ್ನು ಬಹು ದಿವಸ ಚಿಂತಿಸುವಂತೆ ಮಾಡಿತು. ಅದನ್ನು ಮರೆಮಾಡದೆ ಇಲ್ಲಿ ಬರೆಯುತ್ತೇವೆ.

ನಕ್ಷತ್ರವನ್ನು ಕಟ್ಟುವ ಕ್ರಮವನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಒಂದೇ ಉದ್ದದ 10 ಬಿದಿರು ಕಡ್ಡಿಗಳನ್ನು ನಯವಾಗಿ ಹೆರೆದು, ಐದೈದನ್ನು ಜೋಡಿಸಿ ಎರಡು ನಕ್ಷತ್ರಗಳ ಕಟ್ಟನ್ನು ಮಾಡಿ, ಒಂದರ ಮೇಲೊಂದನ್ನಿಟ್ಟು ಐದು ತುದಿಗಳನ್ನೂ ದಾರದಿಂದ ಬಿಗಿಯಬೇಕು. ತರುವಾಯ ಒಳಗೆ ಕಡ್ಡಿಗಳು ಒಂದನ್ನೊಂದು ದಾಟುವ ಐದು ಸ್ಥಳಗಳಲ್ಲಿ ಚಿಕ್ಕ ತುಂಡುಗಳನ್ನು ನಡುವೆ ಸಿಕ್ಕಿಸಿದರೆ ನಕ್ಷತ್ರವು ಉಬ್ಬಿ ನಿಲ್ಲುವದು. ಅದರ ಮೇಲೆ ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಹಚ್ಚುವರು. ಒಳಗೆ ಹಣತೆಯನ್ನಿಡುತ್ತಿದ್ದ ಕಾಲದಲ್ಲಿ ಗಾಳಿ ಬೀಸಿ ನಕ್ಷತ್ರವೇ ಸುಟ್ಟುಹೋಗುವ ಭಯವಿತ್ತು. ಈಗ ವಿದ್ಯುದ್ದೀಪವಿರುವದರಿಂದ ಆ ಭಯವಿಲ್ಲ. ಇಷ್ಟೇ ಕೆಲಸ. ಆದರೆ ಒಂದು ಕಡ್ಡಿಯು ಬೆರಳಗಲದಷ್ಟು ಗಿಡ್ಡವಾದರೂ ಇಡೀ ನಕ್ಷತ್ರವು ಓರೆಯಾಗುವದು.

ನಮ್ಮ ಕಿರಿಯ ಮಗನು ಏಳು ವರುಷದವನಾಗಿದ್ದಾಗ ಕಡ್ಡಿಗಳನ್ನು ತಾನೇ ಅಳೆಯುವೆನೆಂದು ಹಟಹಿಡಿದನು. ನಾವು ಒಪ್ಪಿದೆವು. ಎರಡು ಸಾಯಂಕಾಲ ನಾಲಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅವನು ಕೆಲಸ ಮಾಡಿದನು. ನಕ್ಷತ್ರವು ಓರೆಯಾಗಿ ಒಂದು ಕಾಲು ಕುಂಟಿದಂತೆ ಕಾಣಿಸಿತು. ಮರುದಿವಸ ಸಭೆಯ ಯೌವನಸ್ಥರು ಮನೆಮನೆಗೂ ಹಾಡುತ್ತಾ ಬರುವವರಿದ್ದರು. ಮಕ್ಕಳು ಮಲಗಿದ ಮೇಲೆ ನಾವು ಕಂದೀಲನ್ನು ಹತ್ತಿರಕ್ಕೆಳೆದುಕೊಂಡು ಅವನ ಗಂಟುಗಳನ್ನೆಲ್ಲಾ ಬಿಚ್ಚಿ, ಹೊಸ ಕಡ್ಡಿಗಳನ್ನು ಹೆರೆದು, ಅಂದವಾದ ನಕ್ಷತ್ರವನ್ನು ಕಟ್ಟಿ ತೂಗಹಾಕಿದೆವು. ಬಂದವರು ಬಹಳವಾಗಿ ಹೊಗಳಿದರು. ಅವರಲ್ಲೊಬ್ಬನು ಹುಡುಗನ ತಲೆಯನ್ನು ಸವರಿ, “ಇದನ್ನು ನೀನೇ ಮಾಡಿದೆಯೇನಪ್ಪಾ?” ಎಂದು ಕೇಳಿದನು. ಅವನು, “ಇಲ್ಲಣ್ಣಾ, ಅಪ್ಪ ಮಾಡಿದರು” ಎಂದು ಹೇಳಿ ಒಳಗೆ ಹೋದನು. ಅಳಲಿಲ್ಲ, ದೂರು ಹೇಳಲಿಲ್ಲ. ಮುಂದಿನ ವರುಷ ನಾವು ಚಾಪೆ ಹಾಸಿ ಅವನನ್ನು ಕರೆದಾಗ, “ನೀವೇ ಮಾಡಿರಿ ಅಪ್ಪಾ, ನೀವು ಮಾಡಿದರೆ ಚೆನ್ನಾಗಿರುತ್ತದೆ” ಎಂದನು. ಅದು ಮರ್ಯಾದೆಯ ಮಾತೇ. ಆದರೂ ನಮಗೆ ಹೊಡೆದ ಹಾಗಾಯಿತು.

ನಮ್ಮ ಪಕ್ಷದಲ್ಲಿ ಹೇಳಬಹುದಾದ ನ್ಯಾಯವಿಲ್ಲವೆಂದಲ್ಲ. ದೇವರ ಹಬ್ಬಕ್ಕೆ ಒಳ್ಳೇದನ್ನೇ ಅರ್ಪಿಸಬೇಕಷ್ಟೆ. ಗುಡಾರದ ಕೆಲಸಕ್ಕಾಗಿ ಬೆಚಲೇಲನಿಗೆ ಕೈಚಳಕವನ್ನು ಕೊಟ್ಟಾತನು ದೇವರೇ. ಮಗುವು ಅಕ್ಷರವನ್ನು ಓರೆಯಾಗಿ ಬರೆದರೆ ಉಪಾಧ್ಯಾಯರು ತಿದ್ದುವದಿಲ್ಲವೋ? ಹೌದು, ತಿದ್ದುತ್ತಾರೆ, ಆದರೆ ಮಗುವಿನ ಕೈಹಿಡಿದು, ಅದು ನೋಡುತ್ತಿರುವಾಗಲೇ ತಿದ್ದುತ್ತಾರೆ. ಮಗು ನಿದ್ರೆಮಾಡುವಾಗ ಅದರ ಹಲಿಗೆಯನ್ನು ಒರಸಿ ತಾವೇ ಬರೆದಿಡುವ ಉಪಾಧ್ಯಾಯರನ್ನು ನಾವು ಕಂಡಿಲ್ಲ. ಆ ಗುಡಾರದ ಸಂಗತಿಯನ್ನೇ ಮತ್ತೆ ಓದಿ ನೋಡಿದೆವು. ಬೆಚಲೇಲನ ಚಿನ್ನದ ಕೆಲಸವೊಂದೇ ಅಲ್ಲ, ಹೆಂಗಸರು ನೂತು ತಂದ ಆಡಿನ ಕೂದಲು ಸಹ ಅಲ್ಲಿ ಸೇರಿತು. ಅದನ್ನು ಯಾರಾದರೂ ರಾತ್ರಿಯಲ್ಲಿ ಬಿಚ್ಚಿ ಪುನಃ ನೂತರೆಂದು ಬರೆದಿಲ್ಲ.

ನಿಜ ಹೇಳಬೇಕಾದರೆ ಆ ರಾತ್ರಿ ನಾವು ದೇವರನ್ನು ನೆನಸಿ ಕಡ್ಡಿಗಳನ್ನು ಹೆರೆಯಲಿಲ್ಲ. ನೆರೆಯವರ ಕಣ್ಣುಗಳನ್ನು ನೆನಸಿ ಹೆರೆದೆವು. ಬೀದಿಯ ಆಚೆಯ ಮನೆಯಲ್ಲಿ ಪೇಟೆಯಿಂದ ತಂದ ಹೊಳೆಯುವ ಪ್ಲಾಸ್ಟಿಕ್ ನಕ್ಷತ್ರವು ತೂಗುತ್ತಿತ್ತು. (ಕೊಂಡು ತರುವವರನ್ನು ನಾವು ದೂಷಿಸುವವರಲ್ಲ. ದಿನವೆಲ್ಲಾ ಕೂಲಿ ಮಾಡಿ ಬಂದು ಒಲೆ ಹೊತ್ತಿಸುವ ವಿಧವೆಗೆ ಬಿದಿರು ಸೀಳೆಂದು ಬೋಧಿಸುವದು ಕ್ರೂರತನವೇ ಸರಿ. ಮಣ್ಣಿನ ಬೊಂಬೆಗಳ ವಿಷಯದಲ್ಲಿ ಸಂಶಯಪಡುವ ಹಿರಿಯರ ಮನಸ್ಸನ್ನು ನೋಯಿಸುವದೂ ಬೇಡ. ಅಂಥ ಮನೆಗಳಲ್ಲಿ ನಕ್ಷತ್ರವೇ ಸಾಕು, ಅದಕ್ಕೆ ಯಾರೂ ಅಡ್ಡಬೀಳುವದಿಲ್ಲ.)

ಹಬ್ಬದ ಅಲಂಕಾರವು ಯಾರಿಗೋಸ್ಕರ ಎಂದು ವಿಚಾರಿಸುವಾಗ ಜರ್ಮನಿ ದೇಶದ ಒಂದು ಸಂಗತಿಯು ನಮಗೆ ಬಲು ಇಷ್ಟವಾದದ್ದು. ಬಾಸೆಲ್ ಮಿಶನಿನವರು 1834ರಲ್ಲಿ ಮಂಗಳೂರಿಗೆ ಬಂದರೆಂದು ನೀವು ಬಲ್ಲಿರಿ. ಅದಕ್ಕೆ ಒಂದು ವರುಷ ಮೊದಲು ಹಾಂಬುರ್ಗ್ ಪಟ್ಟಣದ ಬಳಿಯಲ್ಲಿ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬವರು ದಿಕ್ಕಿಲ್ಲದ ಬಡ ಮಕ್ಕಳಿಗಾಗಿ ಒಂದು ಆಶ್ರಮವನ್ನು ಸ್ಥಾಪಿಸಿದರು. ಕ್ರಿಸ್ಮಸ್ ಯಾವಾಗ ಬರುವದೆಂದು ಆ ಮಕ್ಕಳು ಪದೇಪದೇ ಕೇಳುತ್ತಿದ್ದದರಿಂದ ಅವರು 1839ರಲ್ಲಿ ಗಾಡಿಯ ಮರದ ಚಕ್ರವೊಂದನ್ನು ತೂಗಹಾಕಿ, ಅದರ ಮೇಲೆ ವಾರದ ದಿವಸಗಳಿಗೆ ಚಿಕ್ಕ ಕೆಂಪು ಬತ್ತಿಗಳನ್ನೂ ನಾಲ್ಕು ಆದಿತ್ಯವಾರಗಳಿಗೆ ದೊಡ್ಡ ಬಿಳೀ ಬತ್ತಿಗಳನ್ನೂ ನಿಲ್ಲಿಸಿ, ದಿನಕ್ಕೊಂದರಂತೆ ಹೊತ್ತಿಸಿದರು. ಇಂದು ದೇವಾಲಯಗಳಲ್ಲಿ ಆಗಮನ ಕಾಲದಲ್ಲಿ ಇಡುವ ನಾಲ್ಕು ಬತ್ತಿಗಳ ಹಸುರು ಬಳೆಯು ಅದರಿಂದಲೇ ಹುಟ್ಟಿತು. ಗಾಡಿಯ ಚಕ್ರವು ಎಂಥ ಒರಟು ವಸ್ತುವೆಂದು ಒಕ್ಕಲಿಗರಾದ ನಿಮಗೆ ಹೇಳಬೇಕೇ? ಅದು ಬಂದ ಅತಿಥಿಗಳು ಮೆಚ್ಚಲೆಂದು ತೂಗಲಿಲ್ಲ. ಎಣಿಸಲು ಬಯಸಿದ ಮಕ್ಕಳಿಗೆ ಎಣಿಸಲು ಏನಾದರೂ ಬೇಕೆಂದು ತೂಗಿತು.

ನಮ್ಮ ಮಗನ ಬಳಿಯಲ್ಲಿ ನಾವು ತಪ್ಪೊಪ್ಪಿಕೊಂಡೆವು. ಇದನ್ನು ಕೇಳಿದ ಹಿರಿಯರೊಬ್ಬರು, ತಂದೆಯು ಮಗನ ಮುಂದೆ ಹಾಗೆ ತಗ್ಗಿದರೆ ಮನೆಯಲ್ಲಿ ಭಯವೆಲ್ಲಿ ಉಳಿಯುವದೆಂದು ನಮ್ಮನ್ನು ಗದರಿಸಿದರು. ಅವರ ಮಾತನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೂ ತಾನು ಕೆಟ್ಟದ್ದನ್ನು ಮಾಡಿದೆನೆಂದು ಹೇಳಲಾರದ ತಂದೆಯ ಬಾಯಿಂದ ಕ್ಷಮೆಯ ವಿಷಯವಾದ ಬೋಧನೆಯನ್ನು ಮಕ್ಕಳು ಹೇಗೆ ನಂಬುವರೆಂಬದು ನಮಗೆ ತಿಳಿಯದು. ಹುಡುಗನು ಸುಮ್ಮನಿದ್ದು, ಕೊನೆಗೆ, “ಹಳೆಯ ಕಡ್ಡಿಗಳನ್ನು ಏನು ಮಾಡಿದಿರಿ?” ಎಂದು ಕೇಳಿದನು. ಅವುಗಳನ್ನು ಒಲೆಗೆ ಹಾಕಿದ್ದೆವು. ಹಾಗೆಂದು ಹೇಳಬೇಕಾಯಿತು.

ಈಗ ಅವನಿಗೆ ಹತ್ತು ವರುಷ. ಅವನು ಅಳೆಯುವಾಗ ನಾವು ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇವೆ. ಗದ್ದೆಯ ಕೆಲಸಕ್ಕಿಂತ ಅದು ಕಷ್ಟ. ಹೋದ ವರುಷದ ನಕ್ಷತ್ರವೂ ಬಾವಿಯ ಕಡೆಗೆ ವಾಲಿತ್ತು. ಈ ವರುಷದ ಬಿದಿರನ್ನು ಸೀಳಿ ಜಗಲಿಯಲ್ಲಿ ಒಣಗಲಿಟ್ಟಿದ್ದೇವೆ, ಅಂಟನ್ನು ಯಾರು ಕಾಯಿಸಬೇಕೆಂಬ ಜಗಳವು ಅವನಿಗೂ ಅವನ ಅಕ್ಕನಿಗೂ ಆಗಲೇ ಹತ್ತಿದೆ.